ಹಿತ್ತಲ ಹಳಿ ಮದ್ದಲ್ಲವೇ?

ಬೆಂಗಳೂರಿನ ಉತ್ತರ ಭಾಗದಲ್ಲಿ ಇರುವವರಿಗೆ ‘ವೇಗದ ರೈಲು’ ಎಂಬ ಮಾತು ಹೊಸದಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ 2008ರಿಂದಲೂ ನಾವು ಅದನ್ನು ಕೇಳುತ್ತಲೇ ಇದ್ದೇವೆ. ಮೊದಲು ಹೈಸ್ಪೀಡ್ ರೈಲು ಎಂದರು. ಆಮೇಲೆ ಮೆಟ್ರೊ ಎಂದರು. ಅದಾದ ಮೇಲೆ ಉಪನಗರ ರೈಲು ಎಂದರು. ನಡುವೆ ಉಕ್ಕಿನ ಮೇಲ್ಸೇತುವೆ ಬಂದು ಹೋಯಿತು, ಈಗ ಹೆಬ್ಬಾಳದಿಂದ ಸುರಂಗ ರಸ್ತೆಯ ಮಾತು ನಡೆಯುತ್ತಿದೆ. ಇಷ್ಟೆಲ್ಲ ಯೋಜನೆಗಳ ನಡುವೆ ಹೆಬ್ಬಾಳ ಮೇಲ್ಸೇತುವೆಯ ಮೇಲೆ ಬೆಳಗಿನ ಬಸ್ಸು ಮಾತ್ರ ನಿಂತಲ್ಲೇ ನಿಂತಿದೆ.

ಓದು ಮುಗಿಸಿ ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಇದು ಬರೀ ಟ್ರಾಫಿಕ್ ಸಮಸ್ಯೆಯಲ್ಲ. ಯಾವ ಕೆಲಸಕ್ಕೆ ಅರ್ಜಿ ಹಾಕಬೇಕು, ಯಾವ ಶಿಫ್ಟ್ ಒಪ್ಪಬೇಕು, ಪಿ.ಜಿ.ಗೆ ಎಷ್ಟು ಬಾಡಿಗೆ ಕೊಡಬೇಕು, ಸಂಜೆ ಕೋಚಿಂಗ್‌ಗೆ ಹೋಗಲು ಸಮಯ ಉಳಿಯುತ್ತದೆಯೇ ಎಂಬುದೆಲ್ಲ ಇದರ ಮೇಲೆ ನಿಂತಿದೆ. ಹಾಗಾಗಿ ಈ ಯೋಜನೆಗಳ ಕಥೆಯನ್ನು ಪತ್ರಿಕೆಗಳಲ್ಲಿ ಓದುತ್ತಾ, ಲೆಕ್ಕ ಹಾಕುತ್ತಾ ಹೋದಾಗ ನನಗೆ ಅನ್ನಿಸಿದ್ದು ಇಷ್ಟು: ನಮಗೆ ಬೇಕಿರುವುದು ಓಡುವ ರೈಲಿನ ವೇಗಕ್ಕಿಂತ ಹೆಚ್ಚಾಗಿ, ಕಾಯಿಸದೆ ಬರುವ ರೈಲು. ಅಂಥ ರೈಲಿಗೆ ಬೇಕಾದ ದಾರಿಯ ದೊಡ್ಡ ಭಾಗ ನಮ್ಮ ಮನೆಯ ಹಿಂದೆಯೇ ಇದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಮ್ಮ ಹಿತ್ತಲ ಹಳಿಗೂ ಅದೇ ಗತಿ ಬಂದಿದೆ.

ಕಾಗದದಲ್ಲೇ ಓಡಿದ ರೈಲು

2008ರ ಮೇ 24ರಂದು ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ಅಲ್ಲಿಯವರೆಗೆ ಎಚ್‌ಎಎಲ್ ನಿಲ್ದಾಣ ನಗರದೊಳಗೇ ಇತ್ತು. ಹೊಸದು ನಗರದ ಕೇಂದ್ರದಿಂದ ಸುಮಾರು 35 ಕಿ.ಮೀ. ದೂರ. ಇಷ್ಟು ದೂರದ ನಿಲ್ದಾಣಕ್ಕೆ ರೈಲು ಬೇಕು ಎಂಬುದು ಆಗಲೇ ಎಲ್ಲರಿಗೂ ಗೊತ್ತಿತ್ತು. ರಾಜ್ಯ ಸರ್ಕಾರ ಅದಕ್ಕೆಂದೇ ಬೆಂಗಳೂರು ಏರ್‌ಪೋರ್ಟ್ ರೈಲ್ ಲಿಂಕ್ ಎಂಬ ಪ್ರತ್ಯೇಕ ಕಂಪನಿಯನ್ನು ಹುಟ್ಟುಹಾಕಿತು. ದೆಹಲಿ ಮೆಟ್ರೊ ನಿಗಮ ಯೋಜನಾ ವರದಿ ತಯಾರಿಸಿತು. ಎಂ.ಜಿ. ರಸ್ತೆ ಬಳಿಯಿಂದ ಹೆಬ್ಬಾಳ, ಯಲಹಂಕ ಮಾರ್ಗವಾಗಿ ಸುಮಾರು 34 ಕಿ.ಮೀ., ಗಂಟೆಗೆ 160 ಕಿ.ಮೀ. ವರೆಗಿನ ವೇಗ, ಸುಮಾರು 25 ನಿಮಿಷದ ಪ್ರಯಾಣ. ನಗರದಲ್ಲೇ ಚೆಕ್-ಇನ್ ಮಾಡಿ, ಲಗೇಜು ಒಪ್ಪಿಸಿ, ಕೈಬೀಸಿಕೊಂಡು ರೈಲು ಹತ್ತಬಹುದು ಎಂಬುದು ಅದರ ಆಕರ್ಷಣೆಯಾಗಿತ್ತು.

ಆ ಯೋಜನೆಯನ್ನು ಮತ್ತೊಮ್ಮೆ ಗಮನಿಸಿ ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಅದು ಯಲಹಂಕದ ಮೇಲೆ ಹೋಗುತ್ತಿತ್ತು, ಆದರೆ ಯಲಹಂಕದವರಿಗಾಗಿ ಹೋಗುತ್ತಿರಲಿಲ್ಲ. ವಿಮಾನ ಹತ್ತುವವರನ್ನು ನಡುವೆ ಹೆಚ್ಚು ನಿಲ್ಲಿಸದೆ ಕರೆದೊಯ್ಯುವುದೇ ಅದರ ಉದ್ದೇಶ. ನಿಲುಗಡೆ ಹೆಚ್ಚಾದರೆ ವೇಗ ಸತ್ತುಹೋಗುತ್ತದೆ. ವೇಗ ಸತ್ತರೆ ದುಬಾರಿ ಟಿಕೆಟ್ ಕೊಳ್ಳುವವರು ಬರುವುದಿಲ್ಲ. ಹೀಗೆ ಕಡಿಮೆ ಜನರಿಗೆ ದೊಡ್ಡ ಖರ್ಚಿನ ರೈಲು ಎಂಬ ಲೆಕ್ಕದಲ್ಲೇ ಅದು ಹುಟ್ಟಿತ್ತು. ಕೊನೆಗೆ 2013ರಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ವಿಮಾನ ನಿಲ್ದಾಣಕ್ಕೆ ಮೆಟ್ರೊ ಸಾಕು ಎಂಬ ವಾದ ಗೆದ್ದಿತು.

ಆ ಮೆಟ್ರೊ ಕೂಡ ನೇರವಾಗಿ ಬರಲಿಲ್ಲ. ಮೊದಲಿಗೆ ಗೊಟ್ಟಿಗೆರೆ–ನಾಗವಾರ ಮಾರ್ಗವನ್ನೇ ಜಕ್ಕೂರು, ಯಲಹಂಕದ ಕಡೆಯಿಂದ ವಿಮಾನ ನಿಲ್ದಾಣದವರೆಗೆ ಎಳೆಯುವ ಆಲೋಚನೆ ಇತ್ತು. ದಾರಿಯಲ್ಲಿ ಪೆಟ್ರೋಲಿಯಂ ಕೊಳವೆ ಮಾರ್ಗ ಅಡ್ಡ ಬಂತು. 2019ರಲ್ಲಿ ದಿಕ್ಕು ಬದಲಿಸಿ ಕೆ.ಆರ್. ಪುರದಿಂದ ನಾಗವಾರ, ಹೆಬ್ಬಾಳ, ಯಲಹಂಕದ ಮೂಲಕ ಹೋಗುವುದೆಂದು ತೀರ್ಮಾನವಾಯಿತು. ಸಿಲ್ಕ್ ಬೋರ್ಡ್‌ನಿಂದ ವಿಮಾನ ನಿಲ್ದಾಣದವರೆಗಿನ 58.19 ಕಿ.ಮೀ. ಮಾರ್ಗಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2021ರ ಏಪ್ರಿಲ್‌ನಲ್ಲಿ. ಅಂದಾಜು ವೆಚ್ಚ 14,788 ಕೋಟಿ ರೂಪಾಯಿ. ವಿಮಾನ ನಿಲ್ದಾಣ ಶುರುವಾಗಿ ಆಗಲೇ ಸುಮಾರು 13 ವರ್ಷ ಕಳೆದಿತ್ತು. ಅಂದರೆ, ಆ ವರ್ಷ ಒಂದನೇ ತರಗತಿಗೆ ಸೇರಿದ ಮಗು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ಮಂಜೂರಾತಿ ಸಿಕ್ಕಿತು.

ಹೈಸ್ಪೀಡ್ ಯೋಜನೆ ನಿಂತದ್ದು ನಷ್ಟವೋ ಲಾಭವೋ? ಉತ್ತರಕ್ಕೆ ಬೇರೆ ಎರಡು ಊರುಗಳನ್ನು ನೋಡಬಹುದು. ದೆಹಲಿಯಲ್ಲಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮಾರ್ಗ 2011ರ ಫೆಬ್ರುವರಿಯಲ್ಲಿ ಆರಂಭವಾಯಿತು. ಖಾಸಗಿ ಸಹಭಾಗಿತ್ವದ ಆ ಮಾರ್ಗದಲ್ಲಿ ಅಂದುಕೊಂಡಷ್ಟು ಪ್ರಯಾಣಿಕರು ಬರಲಿಲ್ಲ. ತಾಂತ್ರಿಕ ದೋಷದಿಂದ 2012ರ ಜುಲೈನಲ್ಲಿ ಸಂಚಾರವೇ ನಿಂತಿತು. 2013ರಲ್ಲಿ ಖಾಸಗಿ ಕಂಪನಿ ಹೊರನಡೆದು ದೆಹಲಿ ಮೆಟ್ರೊ ನಿಗಮವೇ ಅದನ್ನು ವಹಿಸಿಕೊಂಡಿತು. ಆಮೇಲೆ ಟಿಕೆಟ್ ದರ ಇಳಿಸಿದ್ದರಿಂದ ಜನ ಹತ್ತತೊಡಗಿದರು. ಇನ್ನು ಚೀನಾದ ಶಾಂಘೈ. ಅಲ್ಲಿನ ಮ್ಯಾಗ್ಲೆವ್ ರೈಲು ಗಂಟೆಗೆ 431 ಕಿ.ಮೀ. ವೇಗದಲ್ಲಿ 30 ಕಿ.ಮೀ. ದೂರವನ್ನು ಎಂಟು ನಿಮಿಷದೊಳಗೆ ಮುಗಿಸಿ ಜಗತ್ತನ್ನೇ ಬೆರಗುಗೊಳಿಸಿತು. ಆದರೆ ಅದು ನಗರದ ಹೃದಯಕ್ಕೆ ಹೋಗುವುದಿಲ್ಲ. ಪುಡೊಂಗ್ ಭಾಗದ ಒಂದು ನಿಲ್ದಾಣದಲ್ಲಿ ಇಳಿಸುತ್ತದೆ; ಅಲ್ಲಿಂದ ಮತ್ತೆ ಮೆಟ್ರೊ ಹಿಡಿಯಬೇಕು. ಎಂಟು ನಿಮಿಷದಲ್ಲಿ ಉಳಿಸಿದ್ದನ್ನು ಮೆಟ್ಟಿಲು ಹತ್ತಿ ಇಳಿಯುವುದರಲ್ಲಿ ಕಳೆಯಬೇಕು.

ಅರ್ಧ ಗಂಟೆ ಎಲ್ಲಿ ಹೋಗುತ್ತದೆ?

ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ. ಬ್ಯಾಂಕಿಂಗ್ ಪರೀಕ್ಷೆಗೆ ತಯಾರಾಗುತ್ತಿರುವವರಿಗೆ ಇದು ದಿನನಿತ್ಯದ ‘ಕಾಲ ಮತ್ತು ದೂರ’ದ ಪ್ರಶ್ನೆ. ಯಲಹಂಕದಿಂದ ಯಶವಂತಪುರಕ್ಕೆ ರೈಲು ದಾರಿ ಸುಮಾರು 12 ಕಿ.ಮೀ. ನಡುವೆ ಎಲ್ಲೂ ನಿಲ್ಲದೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದರೆ 9 ನಿಮಿಷ. ವೇಗವನ್ನು ದುಪ್ಪಟ್ಟು ಮಾಡಿ 160ಕ್ಕೆ ಏರಿಸಿದರೆ ನಾಲ್ಕೂವರೆ ನಿಮಿಷ. ಸಾವಿರಾರು ಕೋಟಿ ಸುರಿದು ನಾವು ಉಳಿಸಿದ್ದು ನಾಲ್ಕೂವರೆ ನಿಮಿಷ.

ಈಗ ರೈಲಿನ ವೇಗವನ್ನು ಹಾಗೇ ಬಿಟ್ಟು, ಸಂಖ್ಯೆಯನ್ನು ಮಾತ್ರ ಬದಲಿಸೋಣ. ಗಂಟೆಗೊಂದು ರೈಲು ಇದ್ದರೆ, ಸಮಯ ನೋಡದೆ ನಿಲ್ದಾಣಕ್ಕೆ ಬಂದವರು ಸರಾಸರಿ ಅರ್ಧ ಗಂಟೆ ಕಾಯಬೇಕು. ಹತ್ತು ನಿಮಿಷಕ್ಕೊಂದು ಇದ್ದರೆ ಸರಾಸರಿ ಐದೇ ನಿಮಿಷ. ಉಳಿತಾಯ 25 ನಿಮಿಷ. ಒಂದು ರೈಲು ತಪ್ಪಿದರೂ ಕೆಲಸ ಹೋಗುವ ಭಯವಿಲ್ಲ. ನಿಲ್ದಾಣದಿಂದ ಹೊರಬಂದ ಕೂಡಲೇ ಬಸ್ಸು ಸಿಕ್ಕರೆ ಇನ್ನೂ ಹತ್ತು ನಿಮಿಷ ಉಳಿಯುತ್ತದೆ.

ನಗರದೊಳಗಿನ ಪ್ರಯಾಣದಲ್ಲಿ ವೇಗ ಎಂದರೆ ಮನೆಯ ಬಾಗಿಲಿನಿಂದ ಕೆಲಸದ ಬಾಗಿಲಿಗೆ ಹಿಡಿಯುವ ಒಟ್ಟು ಹೊತ್ತು. ಅದರಲ್ಲಿ ರೈಲಿನೊಳಗೆ ಕಳೆಯುವುದು ಒಂದು ಪಾಲು ಮಾತ್ರ. ಉಳಿದದ್ದು ನಡೆಯುವುದು, ಕಾಯುವುದು, ಬದಲಿಸುವುದು. ಹಾಗೆಂದು ನಾನು ಹೈಸ್ಪೀಡ್ ರೈಲಿನ ವಿರೋಧಿಯಲ್ಲ. ಬೆಂಗಳೂರಿನಿಂದ ಚೆನ್ನೈಗೋ ಹೈದರಾಬಾದಿಗೋ ಹೋಗುವಾಗ ವೇಗಕ್ಕೆ ಬೆಲೆ ಇದೆ, ಏಕೆಂದರೆ ಅಲ್ಲಿ ಅದು ಗಂಟೆಗಳನ್ನು ಉಳಿಸುತ್ತದೆ. ದೆಹಲಿ–ಮೀರತ್ ನಡುವಿನ 82 ಕಿ.ಮೀ. ನಮೋ ಭಾರತ್ ಮಾರ್ಗದಲ್ಲಿ ಗಂಟೆಗೆ 160 ಕಿ.ಮೀ. ವೇಗದ ರೈಲು ಓಡುತ್ತದೆ. ಅದರ ಮೊದಲ ಭಾಗ 2023ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಅಲ್ಲಿ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಮೀರತ್ ನಗರದೊಳಗೆ ಅದೇ ಹಳಿಗಳ ಮೇಲೆ ಊರಿನವರ ಮೆಟ್ರೊ ಕೂಡ ಓಡುವಂತೆ ಯೋಜನೆ ಮಾಡಿದರು. ದೂರದವರ ವೇಗಕ್ಕೆಂದು ಹಾಕಿದ ಹಳಿ ಹತ್ತಿರದವರ ಅಗತ್ಯಕ್ಕೂ ಒದಗುವಂತೆ ಮೊದಲೇ ಆಲೋಚಿಸಿದ್ದರು. ನಮ್ಮ 2008ರ ಯೋಜನೆಯಲ್ಲಿ ಕಾಣದಿದ್ದದ್ದು ಇದೇ.

ಯಲಹಂಕದ ನಾಲ್ಕು ದಾರಿ

ನಮ್ಮೂರು ಗೌರಿಬಿದನೂರಿನ ಹತ್ತಿರ. ಈಗ ಇರುವುದು ಯಲಹಂಕ ಉಪನಗರದಲ್ಲಿ. ಊರ ಕಡೆಯಿಂದ ಬೆಳಗಿನ ರೈಲಿಗೆ ಬರುವ ಗಾರ್ಮೆಂಟ್ಸ್ ಕೆಲಸದವರು, ಹೂವು-ತರಕಾರಿಯವರು, ಕಾಲೇಜು ಹುಡುಗರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ತಿಂಗಳ ಪಾಸ್ ಜೇಬಿನಲ್ಲಿಟ್ಟುಕೊಂಡು ಎರಡು ಜಿಲ್ಲೆ ದಾಟಿ ಕೆಲಸಕ್ಕೆ ಬರುವ ಅವರಿಗೆ ಯಾರೂ ಹೈಸ್ಪೀಡ್ ಎಂಬ ಮಾತು ಕೊಟ್ಟಿರಲಿಲ್ಲ. ಅವರು ಕೇಳುವುದು ಎರಡೇ: ರೈಲು ಹೊತ್ತಿಗೆ ಸರಿಯಾಗಿ ಬರಲಿ, ಸಂಜೆ ಮರಳಲು ಇನ್ನೊಂದು ಇರಲಿ.

ಯಲಹಂಕ ಜಂಕ್ಷನ್ನಿನ ನಕ್ಷೆಯನ್ನು ನೀವು ಒಮ್ಮೆ ನೋಡಬೇಕು. ಅಲ್ಲಿಂದ ಹಳಿಗಳು ನಾಲ್ಕು ಕಡೆಗೆ ಹೋಗುತ್ತವೆ. ಒಂದು ಕೊಡಿಗೇಹಳ್ಳಿ, ಲೊಟ್ಟೆಗೊಲ್ಲಹಳ್ಳಿ ಮೂಲಕ ಯಶವಂತಪುರಕ್ಕೆ. ಇನ್ನೊಂದು ರಾಜಾನುಕುಂಟೆ, ದೊಡ್ಡಬಳ್ಳಾಪುರ ದಾಟಿ ಗೌರಿಬಿದನೂರು, ಹಿಂದೂಪುರದ ಕಡೆಗೆ. ಮೂರನೆಯದು ಬೆಟ್ಟಹಲಸೂರು, ದೊಡ್ಡಜಾಲದ ಮೇಲೆ ದೇವನಹಳ್ಳಿ, ಚಿಕ್ಕಬಳ್ಳಾಪುರಕ್ಕೆ. ನಾಲ್ಕನೆಯದು ಥಣಿಸಂದ್ರ, ಚನ್ನಸಂದ್ರದ ಕಡೆಗೆ ಹೋಗಿ, ಅಲ್ಲಿಂದ ಬೆಳ್ಳಂದೂರು ರೋಡ್, ಕಾರ್ಮೆಲರಾಂ ಇರುವ ಹೊಸೂರು ಮಾರ್ಗಕ್ಕೆ ಕೂಡುತ್ತದೆ. ಇತ್ತ ಹೆಬ್ಬಾಳದ ಮೇಲೆ ಬಾಣಸವಾಡಿಗೆ ಹೋಗುವ ಹಳಿ ಲೊಟ್ಟೆಗೊಲ್ಲಹಳ್ಳಿಯ ಬಳಿ ಯಶವಂತಪುರದ ದಾರಿಯನ್ನು ಸೇರುತ್ತದೆ. ಆರ್.ಟಿ. ನಗರದವರಿಗೆ ಹೆಬ್ಬಾಳ ನಿಲ್ದಾಣ ದೂರವೇನಲ್ಲ. ಇಷ್ಟು ಸಾಲದೆಂಬಂತೆ, ದೇಶದ ರೈಲುಗಳಿಗೆ ಗಾಲಿ ಮತ್ತು ಅಚ್ಚು ತಯಾರಿಸುವ ರೈಲು ಗಾಲಿ ಕಾರ್ಖಾನೆ ಇರುವುದೂ ಯಲಹಂಕದಲ್ಲೇ. 1984ರಿಂದ ಇಲ್ಲಿ ಗಾಲಿ ಉರುಳಿ ಹೊರಹೋಗುತ್ತಿದೆ. ಊರಿನ ಜನ ಮಾತ್ರ ಬಸ್‌ಸ್ಟಾಪಿನಲ್ಲಿ ನಿಂತಿದ್ದಾರೆ.

ಚಿಕ್ಕಬಳ್ಳಾಪುರದ ಕಡೆಯ ದಾರಿ ನ್ಯಾರೋ ಗೇಜ್ ರೂಪದಲ್ಲಿ ಶತಮಾನದ ಹಿಂದೆಯೇ ಇತ್ತು. ವಿಮಾನ ನಿಲ್ದಾಣ ಬಂದದ್ದು ಆ ಹಳಿಯ ಪಕ್ಕದಲ್ಲೇ. ಆದರೂ ಅಲ್ಲೊಂದು ನಿಲುಗಡೆ ಕಟ್ಟಿ ರೈಲು ನಿಲ್ಲಿಸಲು 2021ರ ಜನವರಿಯವರೆಗೆ ಕಾಯಬೇಕಾಯಿತು. ಹೈಸ್ಪೀಡ್ ಮಾರ್ಗಕ್ಕೆ ಸಾವಿರಾರು ಕೋಟಿಯ ಲೆಕ್ಕ ಹಾಕುತ್ತಿದ್ದಾಗ, ಒಂದು ಪ್ಲಾಟ್‌ಫಾರಂ ಮತ್ತು ಒಂದು ಶಟಲ್ ಬಸ್ಸಿನ ವಿಚಾರ ಯಾರಿಗೂ ತುರ್ತು ಅನ್ನಿಸಲಿಲ್ಲ. ನಿಲುಗಡೆಯಾದ ಮೇಲೂ ಅಲ್ಲಿಗೆ ದಿನಕ್ಕೆ ಬರುವ ರೈಲುಗಳು ಬೆರಳೆಣಿಕೆಯಷ್ಟೇ. ಶಿಫ್ಟಿನ ವೇಳೆಗೆ ಹೊಂದದ ರೈಲು ಎಷ್ಟು ಅಗ್ಗವಾಗಿದ್ದರೇನು?

ರೈಲ್ವೆಯವರ ಕಷ್ಟವನ್ನೂ ಹೇಳಬೇಕು. ಯಲಹಂಕದಿಂದ ದೇವನಹಳ್ಳಿ ಕಡೆಗಿನದು ಒಂಟಿ ಹಳಿ. ಎದುರಿನಿಂದ ರೈಲು ಬರುತ್ತಿದ್ದರೆ ಈ ಕಡೆಯದು ನಿಲ್ದಾಣದಲ್ಲಿ ಕಾದು ದಾರಿ ಬಿಡಬೇಕು. ಹಾಗಾಗಿ ಮನಸ್ಸು ಮಾಡಿದರೂ ಹತ್ತು ನಿಮಿಷಕ್ಕೊಂದು ಓಡಿಸಲು ಬಾರದು. ಜೋಡಿ ಹಳಿ ಇರುವ ಕಡೆ ದೂರದ ಎಕ್ಸ್‌ಪ್ರೆಸ್‌ಗಳು, ಗೂಡ್ಸ್ ರೈಲುಗಳು ಅದೇ ದಾರಿಯಲ್ಲಿ ಹೋಗುತ್ತವೆ. ಪ್ಯಾಸೆಂಜರ್ ರೈಲು ಬದಿಗೆ ಸರಿದು ನಿಲ್ಲುತ್ತದೆ. ರಸ್ತೆ ದಾಟುವ ಕಡೆ ಗೇಟು ಹಾಕಿದರೆ ವಾಹನಗಳ ಸಾಲು ಬೆಳೆಯುತ್ತದೆ. ಈ ಮೂರೂ ತೊಡಕುಗಳಿಗೆ ಪರಿಹಾರವೇ ಪ್ರತ್ಯೇಕ ಉಪನಗರ ರೈಲು: ಹೆಚ್ಚಿನ ಕಡೆ ಈಗಿನ ಹಳಿಗಳ ಪಕ್ಕದಲ್ಲೇ, ಊರಿನವರಿಗೆಂದೇ ಬೇರೆ ಜೋಡಿ ಹಳಿ.

ಹೂವಿನ ಹೆಸರು, ಮುಳ್ಳಿನ ದಾರಿ

ಬೆಂಗಳೂರಿಗೆ ಉಪನಗರ ರೈಲು ಬೇಕೆಂದು ದಕ್ಷಿಣ ರೈಲ್ವೆಯ ತಜ್ಞರು 1983ರಲ್ಲೇ ಹೇಳಿದ್ದರು. ಅಂದಿನಿಂದ ವರದಿಗಳು ಬಂದವು, ಹೋದವು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಾಗ ಜನ ಬೀದಿಗಿಳಿದರು. ನೂರಾರು ಮರ ಕಡಿದು, ಸುಮಾರು 1,800 ಕೋಟಿ ಖರ್ಚು ಮಾಡಿ ಕಾರುಗಳನ್ನು ಹೆಬ್ಬಾಳಕ್ಕೆ ಬೇಗ ತಲುಪಿಸಿದರೆ ಮುಂದೆ ಅವು ಎಲ್ಲಿಗೆ ಹೋಗುತ್ತವೆ ಎಂಬುದು ಅವರ ಪ್ರಶ್ನೆ. ಅಕ್ಟೋಬರ್‌ನಲ್ಲಿ ನಡೆದ ಮಾನವ ಸರಪಳಿಯಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಬೇಡ ಎಂದವರೇ ಏನು ಬೇಕೆಂಬುದನ್ನೂ ಹೇಳಿದ್ದು ಆ ಚಳವಳಿಯ ಹೆಚ್ಚುಗಾರಿಕೆ. ‘ಚುಕುಬುಕು ಬೇಕು’ ಎಂಬ ಘೋಷಣೆ ಹುಟ್ಟಿದ್ದು ಆ ದಿನಗಳಲ್ಲೇ.

2018ರ ಕೇಂದ್ರ ಬಜೆಟ್‌ನಲ್ಲಿ 160 ಕಿ.ಮೀ. ಉಪನಗರ ರೈಲು ಜಾಲಕ್ಕೆ 17,000 ಕೋಟಿ ರೂಪಾಯಿಯ ಯೋಜನೆ ಪ್ರಕಟವಾಯಿತು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಸಮಿತಿ ಒಪ್ಪಿದಾಗ ಅದು 148.17 ಕಿ.ಮೀ., 15,767 ಕೋಟಿ ಆಗಿತ್ತು. ನಾಲ್ಕು ಮಾರ್ಗಗಳು, ನಾಲ್ಕಕ್ಕೂ ಹೂವಿನ ಹೆಸರು. ಬೆಂಗಳೂರು ನಗರ ನಿಲ್ದಾಣದಿಂದ ಯಲಹಂಕದ ಮೂಲಕ ದೇವನಹಳ್ಳಿಗೆ ‘ಸಂಪಿಗೆ’. ಬೈಯಪ್ಪನಹಳ್ಳಿಯಿಂದ ಹೆಬ್ಬಾಳ, ಯಶವಂತಪುರ ದಾಟಿ ಚಿಕ್ಕಬಾಣಾವರಕ್ಕೆ ‘ಮಲ್ಲಿಗೆ’. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ‘ಪಾರಿಜಾತ’. ಹೀಲಲಿಗೆಯಿಂದ ಮಾರತ್ತಹಳ್ಳಿ, ಯಲಹಂಕದ ಮೇಲೆ ರಾಜಾನುಕುಂಟೆಗೆ ‘ಕನಕ’. ಗಮನಿಸಿ, ನಾಲ್ಕರಲ್ಲಿ ಮೂರು ನಮ್ಮ ಉತ್ತರ ಬೆಂಗಳೂರಿನ ಮೇಲೇ ಹಾದುಹೋಗುತ್ತವೆ.

2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು. 40 ವರ್ಷ ಆಗದ ಕೆಲಸ 40 ತಿಂಗಳಲ್ಲಿ ಆಗುತ್ತದೆ ಎಂಬ ಭರವಸೆ ಸಿಕ್ಕಿತು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿದವು. ಅಷ್ಟರಲ್ಲಿ ನಾಲ್ಕರಲ್ಲಿ ಒಂದು ಮಾರ್ಗದಲ್ಲೂ ರೈಲು ಓಡಲಿಲ್ಲ. ವಿಮಾನ ನಿಲ್ದಾಣದ ಸಂಪಿಗೆಯಲ್ಲಂತೂ ಸಿವಿಲ್ ಕಾಮಗಾರಿಯೇ ಶುರುವಾಗಿರಲಿಲ್ಲ. ಮಲ್ಲಿಗೆ ಮತ್ತು ಕನಕ ಮಾರ್ಗಗಳ ಕಾಮಗಾರಿ ವಹಿಸಿಕೊಂಡಿದ್ದ ಎಲ್ ಆ್ಯಂಡ್ ಟಿ ಕಂಪನಿ, ಜಮೀನು ಸಕಾಲಕ್ಕೆ ಸಿಗಲಿಲ್ಲವೆಂಬ ಕಾರಣ ನೀಡಿ 2025ರಲ್ಲಿ ಹಿಂದೆ ಸರಿಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ, ರೈಲಿಗಿಂತ ಮೊದಲು ಹೆಸರುಗಳು ಅರಳಿ ಬಾಡತೊಡಗಿದವು.

ತಪ್ಪು ಯಾರದ್ದು ಎಂದು ಬೆರಳು ತೋರಿಸುವುದು ಸುಲಭ. ಆದರೆ ವಿಳಂಬದ ಬೇರು ಯೋಜನೆಯ ರಚನೆಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಇದನ್ನು ಕಟ್ಟುತ್ತಿರುವ ಕೆ-ರೈಡ್ ಸಂಸ್ಥೆಯಲ್ಲಿ ರಾಜ್ಯದ ಪಾಲು ಶೇ 51, ರೈಲ್ವೆಯ ಪಾಲು ಶೇ 49. ಹಣದಲ್ಲಿ ರಾಜ್ಯ ಮತ್ತು ಕೇಂದ್ರ ತಲಾ ಶೇ 20 ಕೊಟ್ಟು, ಉಳಿದ ಶೇ 60ನ್ನು ಸಾಲವಾಗಿ ತರಬೇಕು. ಹಳಿ ಹಾದುಹೋಗುವ ಜಾಗದಲ್ಲಿ ದೊಡ್ಡ ಪಾಲು ರೈಲ್ವೆಯದು, ಉಳಿದದ್ದನ್ನು ರಾಜ್ಯ ಸ್ವಾಧೀನ ಮಾಡಿಕೊಡಬೇಕು. ಈಗಿನ ಹಳಿ ಪಕ್ಕದಲ್ಲಿ ಕಂಬ ನೆಡಲು ರೈಲ್ವೆಯ ಒಪ್ಪಿಗೆ ಬೇಕು. ಅದೇ ಜಾಗದಲ್ಲಿ ನಾಳೆ ಮೂರನೇ, ನಾಲ್ಕನೇ ಹಳಿ ಹಾಕುವ ಯೋಜನೆ ರೈಲ್ವೆಗೂ ಇರುತ್ತದೆ. ಸಂಸ್ಥೆಯ ವ್ಯವಸ್ಥಾಪಕ ನಿರ್ದೇಶಕರ ಹುದ್ದೆಯೂ ದೀರ್ಘಕಾಲ ಹೆಚ್ಚುವರಿ ಹೊಣೆಯ ಮೇಲೇ ನಡೆಯಿತು. ಇಬ್ಬರು ಯಜಮಾನರ ಮನೆಯಲ್ಲಿ ಒಲೆ ಹಚ್ಚುವವರು ಯಾರೆಂದು ತೀರ್ಮಾನವಾಗದಿದ್ದರೆ ಅಡುಗೆ ಆಗುವುದಾದರೂ ಹೇಗೆ?

ಇದಕ್ಕೆ ಹೋಲಿಕೆಯಾಗಿ ಇನ್ನೊಂದು ಅಂಕಿ ನೋಡಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಪ್ರಸ್ತಾಪಿತ ಸುರಂಗ ರಸ್ತೆಯ ಉದ್ದ ಸುಮಾರು 16.7 ಕಿ.ಮೀ., ಅಂದಾಜು ವೆಚ್ಚ 17 ಸಾವಿರ ಕೋಟಿಗೂ ಹೆಚ್ಚು. ಅಂದರೆ 148 ಕಿ.ಮೀ. ಉಪನಗರ ರೈಲಿಗೆ ಮಂಜೂರಾದ ಮೊತ್ತಕ್ಕಿಂತ ಜಾಸ್ತಿ. ವರ್ಷಗಳು ಕಳೆದಂತೆ ರೈಲಿನ ವೆಚ್ಚವೂ ಏರುತ್ತದೆ ಎಂಬುದು ನಿಜ. ಆದರೂ ಯಾವುದಕ್ಕೆ ಎಷ್ಟು ಅವಸರ ತೋರಿಸುತ್ತೇವೆ ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸುರಂಗದಲ್ಲಿ ಹೋಗಲು ಸ್ವಂತ ಕಾರು ಬೇಕು. ಕೆಲಸವೇ ಸಿಗದವನ ಬಳಿ ಕಾರು ಎಲ್ಲಿಂದ ಬರಬೇಕು?

ಕೆಲಸ ಹುಡುಕುವವರ ನಕ್ಷೆ

ಕಳೆದ ವರ್ಷ ನನಗೆ ಬೆಳ್ಳಂದೂರಿನ ಒಂದು ಖಾಸಗಿ ಕಂಪನಿಯಲ್ಲಿ ಬ್ಯಾಕ್ ಆಫೀಸ್ ಕೆಲಸ ಸಿಕ್ಕಿತು. ಬೆಳಗ್ಗೆ ಎಂಟಕ್ಕೆ ಹಾಜರಿರಬೇಕು. ಯಲಹಂಕದಿಂದ ಹೆಬ್ಬಾಳ, ಹೆಬ್ಬಾಳದಿಂದ ಹೊರವರ್ತುಲ ರಸ್ತೆ. ಎರಡು ಬಸ್ಸು, ಹೋಗಲು ಎರಡು ಗಂಟೆ, ಬರಲು ಅದಕ್ಕೂ ಹೆಚ್ಚು. ಅಲ್ಲೇ ಪಿ.ಜಿ. ಹಿಡಿಯೋಣವೆಂದರೆ ಸಂಬಳದ ಅರ್ಧ ಬಾಡಿಗೆಗೇ ಹೋಗುತ್ತಿತ್ತು, ಮನೆಗೆ ಕಳಿಸಲು ಏನೂ ಉಳಿಯುತ್ತಿರಲಿಲ್ಲ. ಲೆಕ್ಕ ಹಾಕಿ ಆ ಕೆಲಸ ಬಿಟ್ಟೆ. ವಿಚಿತ್ರವೆಂದರೆ ಯಲಹಂಕದಿಂದ ಬೆಳ್ಳಂದೂರು ರೋಡ್ ನಿಲ್ದಾಣದವರೆಗೆ ಹಳಿ ಇದೆ. ಕಚೇರಿ ವೇಳೆಗೆ ನಂಬಿ ಹೊರಡುವಷ್ಟು ರೈಲುಗಳಿಲ್ಲ, ಅಷ್ಟೆ. ಕನಕ ಮಾರ್ಗ ಹೇಳಿದ ಹೊತ್ತಿಗೆ ಮುಗಿದಿದ್ದರೆ ಒಂದೇ ರೈಲಿನಲ್ಲಿ ಹೋಗಿ ಬರಬಹುದಿತ್ತು.

ಇದು ನನ್ನೊಬ್ಬರ ಮಾತಲ್ಲ. ಕೆಲಸದ ಜಾಹೀರಾತು ನೋಡಿದಾಗ ನಾವು ಮೊದಲು ಸಂಬಳ ನೋಡುತ್ತೇವೆ, ಎರಡನೆಯದಾಗಿ ಜಾಗ ನೋಡುತ್ತೇವೆ. ಹೋಗಿಬರಲು ಒಂದು ಗಂಟೆಯೊಳಗೆ ಸಾಧ್ಯವಿರುವ ಕಡೆಗಳೇ ನಮ್ಮ ಪಾಲಿನ ಬೆಂಗಳೂರು. ಉಳಿದ ಬೆಂಗಳೂರು ನಕ್ಷೆಯಲ್ಲಿದೆ, ನಮ್ಮ ಕೈಗೆ ಸಿಗುವುದಿಲ್ಲ. ಸಾರಿಗೆ ಸುಧಾರಿಸಿದರೆ ಹೊಸದಾಗಿ ಒಂದೂ ಕಂಪನಿ ಬಾರದಿದ್ದರೂ ನಾವು ಅರ್ಜಿ ಹಾಕಬಲ್ಲ ಕೆಲಸಗಳ ಸಂಖ್ಯೆ ಹೆಚ್ಚುತ್ತದೆ. ಹೆಣ್ಣುಮಕ್ಕಳ ವಿಚಾರದಲ್ಲಿ ಇದು ಇನ್ನೂ ನಿಜ. ರಾತ್ರಿ ಹತ್ತಕ್ಕೆ ಶಿಫ್ಟ್ ಮುಗಿದರೆ ಮನೆಗೆ ಬರುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಎಷ್ಟೋ ಗೆಳತಿಯರು ಸಿಕ್ಕ ಕೆಲಸ ಬಿಟ್ಟಿದ್ದಾರೆ.

ಉದ್ಯೋಗಗಳು ಈಗ ಉತ್ತರದ ಕಡೆಗೂ ಬರುತ್ತಿವೆ. ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಹಳೆಯದಾಯಿತು. ದೇವನಹಳ್ಳಿ ಬಳಿಯ ಏರೊಸ್ಪೇಸ್ ಪಾರ್ಕ್‌ನಲ್ಲಿ 43 ಎಕರೆಯ ಬೋಯಿಂಗ್ ಕ್ಯಾಂಪಸ್ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ದೇವನಹಳ್ಳಿ–ದೊಡ್ಡಬಳ್ಳಾಪುರ ಭಾಗದ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಸಾವಿರಾರು ಯುವತಿಯರು ಮೊಬೈಲ್ ಫೋನ್ ಜೋಡಿಸುತ್ತಿದ್ದಾರೆ. ವಿಮಾನ ನಿಲ್ದಾಣದೊಳಗೇ ಭದ್ರತೆ, ಸ್ವಚ್ಛತೆ, ಸರಕು, ಹೋಟೆಲು ಎಂದು ಮೂರು ಪಾಳಿಯಲ್ಲಿ ದುಡಿಯುವವರಿದ್ದಾರೆ. ವಿಮಾನ ಹತ್ತುವವರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಆ ದಾರಿಯಲ್ಲಿ ಹೋದರೆ, ಇವರು ದಿನವೂ ಹೋಗುತ್ತಾರೆ. ವಿಮಾನ ನಿಲ್ದಾಣದ ರೈಲು ಎಂದಾಗ ನಮ್ಮ ಕಣ್ಣಿಗೆ ಸೂಟ್‌ಕೇಸ್ ಎಳೆಯುವವರು ಕಾಣುತ್ತಾರೆಯೇ ಹೊರತು ಟಿಫನ್ ಡಬ್ಬಿ ಹಿಡಿದವರು ಕಾಣುವುದಿಲ್ಲ. ಯೋಜನೆಯ ಲೋಪ ಶುರುವಾಗುವುದು ಅಲ್ಲಿಂದಲೇ.

ದರದ ಮಾತೂ ಇದೆ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ದಿನಕ್ಕೆ 180ರಂತೆ ತಿಂಗಳಿಗೆ 25 ದಿನ ಓಡಾಡಿದರೆ 4,500 ರೂಪಾಯಿ. ಸ್ಮಾರ್ಟ್‌ಕಾರ್ಡ್ ರಿಯಾಯಿತಿ ಕಳೆದರೂ ಹದಿನೆಂಟು-ಇಪ್ಪತ್ತು ಸಾವಿರ ಸಂಬಳದ ಹುಡುಗನಿಗೆ ಅದು ದೊಡ್ಡ ತುತ್ತು. ಊರ ರೈಲಿನ ತಿಂಗಳ ಪಾಸ್ ಏಕೆ ಇಷ್ಟೊಂದು ಕುಟುಂಬಗಳನ್ನು ಸಾಕಿತು ಎಂಬುದು ಇಲ್ಲಿ ಅರ್ಥವಾಗುತ್ತದೆ.

ನಾವು ಕೇಳಬೇಕಾದದ್ದು

ಮುಂದಿನ ವರ್ಷಗಳಲ್ಲಿ ಹೆಬ್ಬಾಳ ದೊಡ್ಡ ಕೂಡುದಾಣವಾಗಲಿದೆ. ವಿಮಾನ ನಿಲ್ದಾಣದ ಮೆಟ್ರೊ, 2024ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ ಜೆ.ಪಿ. ನಗರ–ಕೆಂಪಾಪುರ ಮೆಟ್ರೊ, ಮಲ್ಲಿಗೆ ಉಪನಗರ ರೈಲು, ಬಸ್ಸು ಎಲ್ಲವೂ ಅಲ್ಲೇ ಸೇರಬೇಕು. ಇದಕ್ಕಾಗಿ ಮೆಟ್ರೊ ನಿಗಮ 45 ಎಕರೆ ಜಾಗ ಕೇಳಿತ್ತು. ಈ ಜಾಗದ ವಿಷಯ ಪತ್ರಿಕೆಯ ಒಳಪುಟದ ಸುದ್ದಿ. ಆದರೆ ಒಂದು ರೈಲಿನಿಂದ ಇಳಿದು ಇನ್ನೊಂದಕ್ಕೆ ಮೂರು ನಿಮಿಷದಲ್ಲಿ ಹೋಗುತ್ತೇವೆಯೋ, ಹೆದ್ದಾರಿ ದಾಟಿ ಇಪ್ಪತ್ತು ನಿಮಿಷ ನಡೆಯುತ್ತೇವೆಯೋ ಎಂಬುದು ತೀರ್ಮಾನವಾಗುವುದು ಇಲ್ಲೇ. ಯಶವಂತಪುರದ ಉದಾಹರಣೆ ಮುಂದಿದೆ. ಅಲ್ಲಿ 2014ರಲ್ಲೇ ಮೆಟ್ರೊ ಬಂತು, ರೈಲು ನಿಲ್ದಾಣ ಪಕ್ಕದಲ್ಲೇ ಇತ್ತು. ಆದರೂ ಎರಡನ್ನೂ ನೇರವಾಗಿ ಬೆಸೆಯುವ ಪಾದಚಾರಿ ಸೇತುವೆಗೆ ಜನ ವರ್ಷಗಟ್ಟಲೆ ಕಾದರು. ಹೆಬ್ಬಾಳದಲ್ಲಿ ಅದೇ ಕಥೆ ಮರುಕಳಿಸಬಾರದು.

ಹಾಗಾಗಿ ಇನ್ನು ಮುಂದೆ ಯಾವುದೇ ಹೊಸ ರೈಲು ಯೋಜನೆ ಪ್ರಕಟವಾದಾಗ ಗಂಟೆಗೆ ಎಷ್ಟು ಕಿ.ಮೀ. ಎಂಬುದರ ಜೊತೆಗೆ ನಾವು ಕೆಲವು ಪ್ರಶ್ನೆ ಕೇಳಬೇಕು. ಎಷ್ಟು ನಿಮಿಷಕ್ಕೊಂದು ರೈಲು? ಬೆಳಗ್ಗೆ ಮೊದಲನೆಯದು, ರಾತ್ರಿ ಕೊನೆಯದು ಎಷ್ಟು ಹೊತ್ತಿಗೆ? ತಿಂಗಳ ಪಾಸ್ ಉಂಟೇ? ಇಳಿದ ಮೇಲೆ ಬಸ್ಸು ಎಲ್ಲಿ ನಿಲ್ಲುತ್ತದೆ? ಬೇಕಾದ ಜಾಗದಲ್ಲಿ ಎಷ್ಟು ಪಾಲು ಕೈಗೆ ಬಂದ ಮೇಲೆ ಟೆಂಡರ್ ಕರೆದಿದ್ದಾರೆ? ಈ ಕೊನೆಯ ಪ್ರಶ್ನೆಯನ್ನು 2022ರಲ್ಲಿ ಗಟ್ಟಿಯಾಗಿ ಕೇಳಿದ್ದರೆ 40 ತಿಂಗಳ ಮಾತಿನ ತೂಕ ಅಂದೇ ತಿಳಿಯುತ್ತಿತ್ತು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತೇ ರೂಪಾಯಿ. ಸಿವಿಲ್ ಎಂಜಿನಿಯರಿಂಗ್ ಓದುವವರು, ಅರ್ಥಶಾಸ್ತ್ರ ಓದುವವರು ತಮ್ಮ ಪ್ರಾಜೆಕ್ಟಿಗೆ ಇದನ್ನೇ ವಿಷಯವಾಗಿ ತೆಗೆದುಕೊಳ್ಳಬಹುದು.

ಉಪನಗರ ರೈಲು ಮುಗಿಯುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಯಲಹಂಕ–ದೇವನಹಳ್ಳಿ ಹಳಿಯನ್ನು ಜೋಡಿ ಮಾಡಲು ಒತ್ತಾಯಿಸಬಹುದು. ಇರುವ ಹಳಿಯಲ್ಲೇ ಶಿಫ್ಟ್ ವೇಳೆಗೆ ನಾಲ್ಕು ಮೆಮು ರೈಲು ಹೆಚ್ಚಿಸಿ ಎಂದು ಕೇಳಬಹುದು. ಕೊಡಿಗೇಹಳ್ಳಿ, ಲೊಟ್ಟೆಗೊಲ್ಲಹಳ್ಳಿ, ಹೆಬ್ಬಾಳ ನಿಲ್ದಾಣಗಳ ಬಾಗಿಲಿಗೆ ಬಿಎಂಟಿಸಿ ಫೀಡರ್ ಬಸ್ಸು ಬರಲಿ, ರಾತ್ರಿ ದೀಪ ಉರಿಯಲಿ ಎಂದು ಹಟ ಹಿಡಿಯಬಹುದು. ಇವು ಶಂಕುಸ್ಥಾಪನೆ ಬೇಡುವ ಕೆಲಸಗಳಲ್ಲ, ಹಾಗಾಗಿ ಯಾರೂ ತಾವಾಗಿ ಮಾಡುವುದಿಲ್ಲ. ಕೇಳಿದರೆ ಮಾತ್ರ ಆಗುತ್ತವೆ. ಉಕ್ಕಿನ ಸೇತುವೆ ಬೇಡವೆಂದು ಒಂದು ಪೀಳಿಗೆಯ ವಿದ್ಯಾರ್ಥಿಗಳು ಕೈಕೈ ಹಿಡಿದು ನಿಂತು ಗೆದ್ದರು. ಬೇಕು ಎಂದು ಕೇಳಿ ಪಡೆಯುವ ಸರದಿ ನಮ್ಮದು.